ಮಿಡ್‌ಫೀಲ್ಡರ್ ವೃತ್ತಿ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ನೋಡಲು ಹೊಸದಾಗಿ ಶುರು ಮಾಡಿದವರು ಮೊದಲು ಕೇಳುವುದು ಗೋಲು ಹೊಡೆದವರು ಯಾರು ಅಂತ. ಸ್ವಲ್ಪ ದಿನ ಕಳೆದ ಮೇಲೆ ಪ್ರಶ್ನೆ ಬದಲಾಗುತ್ತದೆ. ಮಧ್ಯದಲ್ಲಿ ಸುಮ್ನೆ ಓಡಾಡಿಕೊಂಡಿರುವ ಹಾಗೆ ಕಾಣುವ ಆ ಮನುಷ್ಯ ಯಾರು? ಎಲ್ಲರೂ ಅವನಿಗೇ ಯಾಕೆ ಪಾಸ್ ಕೊಡುತ್ತಾರೆ? ಅಂಥ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ಎರಡು ಸಾಲು ಸಾಕು.

ಮಿಡ್‌ಫೀಲ್ಡರ್ ಕೆಲಸ ನಿಜವಾಗಿ ಏನು?

ಡಿಫೆಂಡರ್‌ಗಳಿಂದ ಚೆಂಡು ತೆಗೆದುಕೊಂಡು ಫಾರ್ವರ್ಡ್‌ಗಳಿಗೆ ಮುಟ್ಟಿಸುವುದು. ಚೆಂಡು ಎದುರಾಳಿಯ ಕಾಲಿಗೆ ಹೋದರೆ ಅದನ್ನು ಕಿತ್ತುಕೊಳ್ಳುವುದು. ಹೇಳುವುದಕ್ಕೆ ಇಷ್ಟೇ. ಆದರೆ ಡಿಫೆಂಡರ್‌ಗೆ ಆಟವೆಲ್ಲ ಕಣ್ಣ ಮುಂದೆ ಕಾಣುತ್ತದೆ, ಬೆನ್ನ ಹಿಂದೆ ಇರುವುದು ತನ್ನದೇ ಗೋಲ್‌ಕೀಪರ್. ಅಂಚಿನಲ್ಲಿ ಓಡುವ ವಿಂಗರ್‌ಗೆ ಒಂದು ಬದಿಯಲ್ಲಿ ಮೈದಾನದ ಗೆರೆಯೇ ಕಾವಲು. ಮಧ್ಯದಲ್ಲಿ ನಿಂತವರ ಮೇಲೆ ಮಾತ್ರ ಎದುರಾಳಿ ಯಾವ ದಿಕ್ಕಿನಿಂದ ಬೇಕಾದರೂ ಬೀಳಬಹುದು. ಅದಕ್ಕೇ ಈ ಕೆಲಸದಲ್ಲಿ ಕಾಲಿಗಿಂತ ಮೊದಲು ಕಣ್ಣು ಪಳಗಬೇಕು. ಮುಂದೆಯೂ ತಿರುಗಿ ತಿರುಗಿ ಇದೇ ಮಾತಿಗೆ ಬರುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಂಬರ್ 6, 8, 10 ಅಂತಾರಲ್ಲ, ಅದೇನು?

ಜೆರ್ಸಿ ಮೇಲಿನ ಅಂಕಿ ಅಂತ ತಿಳಿಯಬೇಡಿ, ಅದು ಕೆಲಸದ ಹೆಸರು. 6 ಅಂದರೆ ಡಿಫೆಂಡರ್‌ಗಳ ಮುಂದೆ ನಿಂತು ಬಾಗಿಲು ಕಾಯುವವರು. 8 ಅಂದರೆ ಎರಡೂ ಪೆನಾಲ್ಟಿ ಬಾಕ್ಸ್‌ಗಳ ನಡುವೆ ಓಡಾಡುವವರು. 10 ಅಂದರೆ ಸ್ಟ್ರೈಕರ್ ಹಿಂದೆ ನಿಂತು ಗೋಲಿಗೆ ದಾರಿ ಮಾಡಿಕೊಡುವವರು. ಈ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ಬ್ರೆಜಿಲ್‌ನಲ್ಲಿ, ಅರ್ಜೆಂಟೀನಾದಲ್ಲಿ ಬಾಗಿಲು ಕಾಯುವವರನ್ನು 5 ಅನ್ನುತ್ತಾರೆ. ಹಿಂದೆ ನಿಂತೇ ಇಡೀ ಆಟ ನಡೆಸುವವರಿಗೆ ಇಟಲಿಯವರು ‘ರೆಜಿಸ್ತಾ’ ಅಂತಾರೆ. ಅಲ್ಲಿ ಸಿನಿಮಾ ನಿರ್ದೇಶಕನಿಗೂ ಅದೇ ಪದ.

ಯಾವ ವಯಸ್ಸಿಗೆ ಶುರು ಮಾಡಬೇಕು?

ಬೇಗ ಶುರು ಮಾಡಿದವರೇ ಜಾಸ್ತಿ. ಸ್ಪೇನ್‌ನ ಝಾವಿ 11ನೇ ವಯಸ್ಸಿಗೆ ಬಾರ್ಸಿಲೋನಾ ಕ್ಲಬ್‌ನ ಲಾ ಮಸಿಯಾ ಎಂಬ ಮಕ್ಕಳ ಅಕಾಡೆಮಿ ಸೇರಿದರು, 1998ರಲ್ಲಿ ಮುಖ್ಯ ತಂಡಕ್ಕೆ ಬಂದರು, 2015ರಲ್ಲಿ ಕ್ಲಬ್ ಬಿಡುವಷ್ಟರಲ್ಲಿ 767 ಪಂದ್ಯ ಆಡಿದ್ದರು.

ಆದರೆ ಎನ್‌ಗೋಲೊ ಕಾಂಟೆ ಕಥೆ ನೋಡಿ. ಹತ್ತೊಂಬತ್ತರವರೆಗೂ ಪ್ಯಾರಿಸ್ ಪಕ್ಕದ ಸುರೇನ್ ಎಂಬ ಸಣ್ಣ ಕ್ಲಬ್‌ನಲ್ಲೇ ಇದ್ದರು. ಆಮೇಲೆ ಬೊಲೋನ್, ಅಲ್ಲಿಂದ ಕಾನ್. 2015ರಲ್ಲಿ ಲೆಸ್ಟರ್ ಕರೆದಾಗ ಇಂಗ್ಲೆಂಡಿನಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ. ಮೊದಲ ಸೀಸನ್‌ನಲ್ಲೇ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. ಮರುವರ್ಷ ಚೆಲ್ಸಿಗೆ ಹೋದರು, ಚೆಲ್ಸಿ ಗೆದ್ದಿತು. 2018ರಲ್ಲಿ ಫ್ರಾನ್ಸ್ ಜೊತೆ ವಿಶ್ವಕಪ್ಪೂ ಕೈಗೆ ಬಂತು. ಅಕಾಡೆಮಿಯವರು ಹದಿನೈದರಲ್ಲಿ ಆರಿಸಲಿಲ್ಲ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಿತು ಅಂತಲ್ಲ. ಹಾಗಂತ ಕಾಂಟೆ ಹಾದಿ ಎಲ್ಲರಿಗೂ ಸಿಗುತ್ತದೆ ಅಂತಲೂ ಹೇಳಲಾರೆ. ಹಾಗೆ ಮೇಲೆ ಬಂದವರು ತೀರಾ ಕಡಿಮೆ.

ಕುಳ್ಳಗೆ, ತೆಳ್ಳಗೆ ಇದ್ದರೆ ಕಷ್ಟವಾ?

ಆಯ್ಕೆ ಮಾಡುವವರ ಮುಂದೆ ಕಷ್ಟ. ಮೈದಾನದಲ್ಲಿ ಅಷ್ಟಿಲ್ಲ. ಕ್ರೊಯೇಷಿಯಾದ ಲೂಕಾ ಮೊಡ್ರಿಚ್ ಹುಡುಗನಾಗಿದ್ದಾಗ ಹೈದುಕ್ ಸ್ಪ್ಲಿಟ್ ಕ್ಲಬ್‌ನವರು ‘ಮೈಯಲ್ಲಿ ಕಸುವಿಲ್ಲ’ ಅಂತ ಬೇಡ ಅಂದಿದ್ದರು. ಯುದ್ಧದಲ್ಲಿ ಅಜ್ಜನನ್ನು ಕಳೆದುಕೊಂಡು, ಮನೆಬಿಟ್ಟು ಝಾದರ್‌ನ ಹೋಟೆಲ್‌ಗಳಲ್ಲಿ ನಿರಾಶ್ರಿತನಾಗಿ ಬೆಳೆದ ಹುಡುಗ ಆತ. ಅದೇ ಹುಡುಗ 2018ರಲ್ಲಿ ವಿಶ್ವದ ಉತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಎತ್ತಿಕೊಂಡರು. ಹತ್ತು ವರ್ಷದಿಂದ ಆ ಪ್ರಶಸ್ತಿ ಮೆಸ್ಸಿ ಮತ್ತು ರೊನಾಲ್ಡೊ ಬಿಟ್ಟು ಬೇರೆಯವರ ಮನೆಗೆ ಹೋಗಿರಲಿಲ್ಲ.

ಮೊಡ್ರಿಚ್, ಝಾವಿ, ಇನಿಯೆಸ್ಟಾ, ಕಾಂಟೆ ಎಲ್ಲರೂ 170 ಸೆಂಟಿಮೀಟರ್ ಆಸುಪಾಸಿನವರೇ. ಇನ್ನೊಂದು ಕಡೆ ಬುಸ್ಕೆಟ್ಸ್, ರೋಡ್ರಿ 190ರ ಹತ್ತಿರದವರು. ಮಧ್ಯದ ಜಾಗದಲ್ಲಿ ಎತ್ತರಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಎದುರಾಳಿ ಮೈಮೇಲೆ ಬೀಳುವ ಮೊದಲು ಚೆಂಡನ್ನು ಬಿಟ್ಟುಕೊಡುವ ಚುರುಕು. ತಾಗದೇ ಇದ್ದ ಮೇಲೆ ತೂಕದ ಮಾತೆಲ್ಲಿ ಬಂತು?

ಚೆಂಡು ಬರುವ ಮೊದಲು ಕತ್ತು ಯಾಕೆ ತಿರುಗಿಸುತ್ತಿರುತ್ತಾರೆ?

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು.

ಒಬ್ಬ ಆಟಗಾರನ ಕಾಲಲ್ಲಿ ಇಡೀ ಪಂದ್ಯದಲ್ಲಿ ಚೆಂಡು ಇರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಚೆಂಡಿಲ್ಲದ ಆಟ. ಒಳ್ಳೆಯ ಮಿಡ್‌ಫೀಲ್ಡರ್ ಆ ಹೊತ್ತಿನಲ್ಲಿ ಫೋಟೊ ತೆಗೆಯುತ್ತಿರುತ್ತಾರೆ ಅಂದುಕೊಳ್ಳಿ. ಡಿಫೆಂಡರ್ ಪಾಸ್ ಕೊಡಲು ಕಾಲು ಎತ್ತುವ ಮೊದಲು ಬಲಕ್ಕೊಂದು ನೋಟ. ಚೆಂಡು ಹುಲ್ಲಿನ ಮೇಲೆ ಉರುಳಿ ಬರುವಾಗ ಎಡ ಭುಜದ ಮೇಲಿಂದ ಇನ್ನೊಂದು. ಕಾಲಿಗೆ ತಾಗುವಷ್ಟರಲ್ಲಿ ಬೆನ್ನ ಹಿಂದೆ ಯಾರಿದ್ದಾರೆ, ಎಷ್ಟು ಹೆಜ್ಜೆ ದೂರ, ಯಾವ ಕಡೆ ಖಾಲಿ ಇದೆ ಅನ್ನುವುದೆಲ್ಲ ತಲೆಯಲ್ಲಿ ಕೂತಿರುತ್ತದೆ. ಆಮೇಲೆ ಮೈಯನ್ನು ಅರ್ಧ ಮಾತ್ರ ತಿರುಗಿಸಿ ದೂರದ ಕಾಲಿನಲ್ಲಿ ಚೆಂಡು ತೆಗೆದುಕೊಂಡರೆ, ಆ ಒಂದೇ ಸ್ಪರ್ಶಕ್ಕೆ ಆಟದ ಮುಖ ಎದುರಾಳಿ ಗೋಲಿನ ಕಡೆ ತಿರುಗಿರುತ್ತದೆ.

ನಾರ್ವೆಯ ಸಂಶೋಧಕ ಗೇರ್ ಯೋರ್ಡೆ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೊ ಇಟ್ಟುಕೊಂಡು ಇದನ್ನು ಎಣಿಸಿದ್ದಾರೆ. ಚೆಂಡು ಬರುವ ಮೊದಲು ಜಾಸ್ತಿ ಸಲ ಸುತ್ತ ನೋಡುವವರ ಪಾಸ್‌ಗಳು ಜಾಸ್ತಿ ಸಲ ಗುರಿ ಮುಟ್ಟುತ್ತವೆ ಅಂತ ಕಂಡುಬಂತು.

ನನ್ನದೂ ಒಂದು ಕಥೆ ಇದೆ. ಕಾಲೇಜಿನಲ್ಲಿ ನಾನೂ ಮಧ್ಯದಲ್ಲಿ ಆಡುತ್ತಿದ್ದೆ. ಬರುವ ಚೆಂಡನ್ನೇ ಬೆಕ್ಕಿನ ಹಾಗೆ ದಿಟ್ಟಿಸುತ್ತಿದ್ದೆ, ಕತ್ತು ತಿರುಗಿಸುವ ಅಭ್ಯಾಸವೇ ಇರಲಿಲ್ಲ. ಒಂದು ಪಂದ್ಯದಲ್ಲಿ ಹಿಂದಿನಿಂದ ಬಂದವನು ಚೆಂಡು ಕಸಿದುಕೊಂಡು ಹೋಗಿ ಗೋಲು ಹೊಡೆದ ಮೇಲೆಯೇ ಅವನು ಅಲ್ಲಿದ್ದ ಅಂತ ನನಗೆ ಗೊತ್ತಾಗಿದ್ದು. ಮರುವಾರ ನನ್ನನ್ನು ಫುಲ್‌ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್, ಮಾಡಿದರು. ತಪ್ಪೇನಿಲ್ಲ ಬಿಡಿ.

ಪಂದ್ಯಕ್ಕೆ ಎಷ್ಟು ದೂರ ಓಡುತ್ತಾರೆ?

ವೃತ್ತಿಪರ ಮಿಡ್‌ಫೀಲ್ಡರ್ ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರ್. ಕೆಲವರು ಅದಕ್ಕೂ ಮೇಲೆ. ಅದರಲ್ಲಿ ಬಹುಪಾಲು ನಡಿಗೆ ಮತ್ತು ನಿಧಾನದ ಓಟ. ಜೀವ ಹಿಂಡುವುದು ನಡುನಡುವೆ ಬರುವ ಸಣ್ಣ ಸಣ್ಣ ವೇಗದ ಓಟಗಳು, ತಟ್ಟನೆ ನಿಲ್ಲುವುದು, ತಿರುಗುವುದು.

ಬೇರೆ ಕ್ಲಬ್‌ಗೆ ಎರವಲು ಕಳಿಸಿದರೆ ‘ಬೇಡ’ ಅಂತ ಅರ್ಥವಾ?

ಒಮ್ಮೊಮ್ಮೆ ಹೌದು. ಹದಿಹರೆಯದವರ ವಿಷಯದಲ್ಲಿ ಹೆಚ್ಚಾಗಿ ಅಲ್ಲ. ದೊಡ್ಡ ಕ್ಲಬ್‌ನ ಬೆಂಚಿನ ಮೇಲೆ ಕೂತರೆ ಕಣ್ಣು ಪಳಗುವುದಿಲ್ಲ, ಆಡಬೇಕು. ದಿನಾಮೊ ಝಾಗ್ರೆಬ್ ಕ್ಲಬ್ ಮೊಡ್ರಿಚ್‌ರನ್ನು 18ನೇ ವಯಸ್ಸಿಗೆ ಬೋಸ್ನಿಯಾದ ಝ್ರಿನ್‌ಸ್ಕಿ ಮೊಸ್ತಾರ್ ತಂಡಕ್ಕೆ ಎರವಲು ಕೊಟ್ಟಿತ್ತು. ಅಲ್ಲಿಯ ಲೀಗ್ ಒರಟು ಆಟಕ್ಕೆ ಹೆಸರಾಗಿತ್ತು. ಆ ಸೀಸನ್‌ನ ಉತ್ತಮ ಆಟಗಾರ ಅನ್ನಿಸಿಕೊಂಡು ವಾಪಸ್ ಬಂದರು. ಅಲ್ಲಿ ಆಡಿದವರು ಎಲ್ಲಿ ಬೇಕಾದರೂ ಆಡಬಹುದು ಅಂತ ಮುಂದೆ ಅವರೇ ಹೇಳಿಕೊಂಡಿದ್ದುಂಟು.

ಒಪ್ಪಂದ ಮುಗಿದರೆ ಆಟಗಾರ ಪುಕ್ಕಟೆಯಾಗಿ ಹೋಗಬಹುದಾ?

ಹೋಗಬಹುದು. ಈ ಸ್ವಾತಂತ್ರ್ಯ ಕೊಡಿಸಿದವರೂ ಒಬ್ಬ ಮಿಡ್‌ಫೀಲ್ಡರೇ.

ಜಾನ್ ಮಾರ್ಕ್ ಬೊಸ್ಮನ್ ಅಂತ ಬೆಲ್ಜಿಯಂನ ಆಟಗಾರ. 1990ರಲ್ಲಿ ಲಿಯೇಜ್ ಕ್ಲಬ್ ಜೊತೆಗಿನ ಒಪ್ಪಂದ ಮುಗಿಯಿತು. ಹೊಸ ಒಪ್ಪಂದದಲ್ಲಿ ಸಂಬಳಕ್ಕೆ ಭಾರಿ ಕತ್ತರಿ ಹಾಕಿದ್ದರು. ಫ್ರಾನ್ಸ್‌ನ ಡಂಕರ್ಕ್ ಕ್ಲಬ್‌ಗೆ ಹೋಗುತ್ತೇನೆ ಅಂದರೆ, ಹಳೆಯ ಕ್ಲಬ್‌ಗೆ ಕೊಡಬೇಕಾದ ವರ್ಗಾವಣೆ ಹಣದ ತಕರಾರಿನಲ್ಲಿ ಅದೂ ಆಗಲಿಲ್ಲ. ಒಪ್ಪಂದ ಮುಗಿದರೂ ಆಟಗಾರ ಕ್ಲಬ್‌ನ ಸ್ವತ್ತೇ ಆಗಿದ್ದ ಕಾಲ ಅದು. ಬೊಸ್ಮನ್ ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರಿಗೆ 31, ಆಟ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಹಣ್ಣು ತಿಂದವರು ಆಮೇಲೆ ಬಂದವರು.

ಪಾಲ್ ಪೊಗ್ಬಾ ಇದಕ್ಕೆ ಮಜವಾದ ಉದಾಹರಣೆ. 2012ರಲ್ಲಿ ಒಪ್ಪಂದ ಮುಗಿಸಿ ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟು ಯುವೆಂಟಸ್‌ಗೆ ಹೋದರು. 2016ರಲ್ಲಿ ಅದೇ ಯುನೈಟೆಡ್ 8.9 ಕೋಟಿ ಪೌಂಡ್ ಕೊಟ್ಟು ಅದೇ ಪೊಗ್ಬಾರನ್ನು ವಾಪಸ್ ಕೊಂಡಿತು, ಆಗಿನ ವಿಶ್ವದಾಖಲೆ ಅದು. 2022ರಲ್ಲಿ ಒಪ್ಪಂದ ಮುಗಿಯಿತು, ಪೊಗ್ಬಾ ಮತ್ತೆ ಪುಕ್ಕಟೆಯಾಗಿ ಯುವೆಂಟಸ್‌ಗೇ ಹೋದರು! ಲೆಕ್ಕ ಇಡುವವರ ಮುಖ ಹೇಗಿದ್ದಿರಬಹುದು, ನೀವೇ ಊಹಿಸಿ.

ಈಗಿನ ಫಿಫಾ ನಿಯಮದಲ್ಲಿ ಒಪ್ಪಂದ ಸಾಮಾನ್ಯವಾಗಿ ಗರಿಷ್ಠ 5 ವರ್ಷ. 18 ತುಂಬದವರಿಗೆ 3. ಒಪ್ಪಂದದ ಕೊನೆಯ 6 ತಿಂಗಳಲ್ಲಿ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕಬಹುದು. ದೇಶದಿಂದ ದೇಶಕ್ಕೆ ಹಣ ಕೊಟ್ಟು ವರ್ಗಾವಣೆ ಆದರೆ, ಆ ಹಣದಲ್ಲಿ ಶೇ 5ರಷ್ಟು ಆಟಗಾರನನ್ನು 12ರಿಂದ 23ರ ವಯಸ್ಸಿನ ನಡುವೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. ಇದು ಒಳ್ಳೆಯ ನಿಯಮ. ಸಣ್ಣ ಕ್ಲಬ್‌ಗಳ ಎಷ್ಟೋ ವರ್ಷದ ಖರ್ಚು ಇದರಲ್ಲೇ ಹೊರಟುಹೋಗುತ್ತದೆ.

ಗೋಲು ಹೊಡೆಯದವರನ್ನು ಯಾರು ಗುರುತಿಸುತ್ತಾರೆ?

ಎಲ್ಲ ಮಿಡ್‌ಫೀಲ್ಡರ್‌ಗಳೂ ಗೋಲು ಹೊಡೆಯದವರಲ್ಲ. ಚೆಲ್ಸಿಯ ಸಾರ್ವಕಾಲಿಕ ಗೋಲು ದಾಖಲೆ ಇರುವುದು ಮಿಡ್‌ಫೀಲ್ಡರ್ ಫ್ರಾಂಕ್ ಲ್ಯಾಂಪಾರ್ಡ್ ಹೆಸರಲ್ಲಿ, 211 ಗೋಲು. ಆದರೆ ಬಾಗಿಲು ಕಾಯುವ 6 ಎಲೆಮರೆಯ ಕಾಯಿ. ಅಲ್ಲಿದ್ದಾಗ ಕಾಣುವುದಿಲ್ಲ, ಹೋದ ಮೇಲೆ ಗೊತ್ತಾಗುತ್ತದೆ.

2003ರಲ್ಲಿ ರಿಯಲ್ ಮ್ಯಾಡ್ರಿಡ್ ಡೇವಿಡ್ ಬೆಕಮ್‌ರನ್ನು ತಂದಿತು. ಸಂಬಳ ಹೆಚ್ಚಿಸಿ ಅಂದ, ಬಾಗಿಲು ಕಾಯುತ್ತಿದ್ದ ಕ್ಲಾಡ್ ಮೆಕಲೆಲೆಯನ್ನು ಚೆಲ್ಸಿಗೆ ಕಳಿಸಿತು. ಮುಂದಿನ ಲೀಗ್ ಪ್ರಶಸ್ತಿಗೆ ಮ್ಯಾಡ್ರಿಡ್ 2007ರವರೆಗೆ ಕಾಯಬೇಕಾಯಿತು. ಚೆಲ್ಸಿ 2004-05ರಲ್ಲಿ ಲೀಗ್ ಗೆದ್ದಾಗ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು ಬರೀ 15 ಗೋಲು. ಎಲ್ಲವೂ ಮೆಕಲೆಲೆಯಿಂದಲೇ ಅಂತಲ್ಲ. ಆದರೆ ಇಂಗ್ಲೆಂಡಿನಲ್ಲಿ ಆ ಜಾಗವನ್ನೇ ‘ಮೆಕಲೆಲೆ ರೋಲ್’ ಅನ್ನಲು ಶುರು ಮಾಡಿದರು. 2024ರಲ್ಲಿ ರೋಡ್ರಿಗೆ ಬ್ಯಾಲನ್ ಡಿ ಓರ್ ಕೊಟ್ಟಾಗ ಆ ಜಾಗದವರಿಗೆಲ್ಲ ಬಾಕಿ ಇದ್ದ ಸಾಲ ಸ್ವಲ್ಪ ತೀರಿತು ಅನ್ನಿಸಿತು ನನಗೆ.

ಬೇಕಂತಲೇ ಫೌಲ್ ಮಾಡಿ ಹಳದಿ ಕಾರ್ಡ್ ಯಾಕೆ ತಗೋತಾರೆ?

ಎದುರಾಳಿ ವೇಗವಾಗಿ ನುಗ್ಗುತ್ತಿರುವಾಗ, ಹಿಂದೆ ತಮ್ಮವರು ಕಡಿಮೆ ಇದ್ದಾಗ, ಕಾಲು ಅಡ್ಡ ಹಾಕಿ ನಿಲ್ಲಿಸಿಬಿಡುವುದು. ಗೋಲಿಗಿಂತ ಕಾರ್ಡ್ ಅಗ್ಗ ಅನ್ನುವ ಲೆಕ್ಕ. ಒಮ್ಮೊಮ್ಮೆ ಅದು ಭಾರಿ ದುಬಾರಿ.

2002ರ ವಿಶ್ವಕಪ್ ಸೆಮಿಫೈನಲ್, ಸೋಲ್. ಜರ್ಮನಿಗೆ ದಕ್ಷಿಣ ಕೊರಿಯಾ ಎದುರಾಳಿ, ಇನ್ನೂ ಗೋಲಿಲ್ಲ. ಜರ್ಮನಿಯ ಮಿಡ್‌ಫೀಲ್ಡರ್ ಮೈಕಲ್ ಬಲ್ಲಾಕ್ ಹೆಸರಲ್ಲಿ ಹಿಂದಿನ ಪಂದ್ಯದ ಒಂದು ಹಳದಿ ಕಾರ್ಡ್ ಆಗಲೇ ಇತ್ತು. ಇನ್ನೊಂದು ಬಂದರೆ ಫೈನಲ್ ಇಲ್ಲ. 71ನೇ ನಿಮಿಷದಲ್ಲಿ ಕೊರಿಯಾದ ಆಟಗಾರ ಚೆಂಡು ತೆಗೆದುಕೊಂಡು ನುಗ್ಗಿದರು. ಬಲ್ಲಾಕ್ ಹಿಂದಿನಿಂದ ಕೆಡವಿದರು, ರೆಫರಿ ಕಾರ್ಡ್ ಎತ್ತಿದರು. ನಾಲ್ಕೇ ನಿಮಿಷ ಕಳೆದಿತ್ತು. ಪೆನಾಲ್ಟಿ ಬಾಕ್ಸ್‌ನಲ್ಲಿ ಬಲ್ಲಾಕ್ ಬಲಗಾಲಿನಲ್ಲಿ ಹೊಡೆದರು, ಗೋಲ್‌ಕೀಪರ್ ತಡೆದರು, ತಿರುಗಿ ಬಂದ ಚೆಂಡನ್ನು ಎಡಗಾಲಿನಲ್ಲಿ ಒಳಗೆ ತಳ್ಳಿದರು. 1-0. ಫೈನಲ್‌ಗೆ ತಂಡವನ್ನು ಮುಟ್ಟಿಸಿದವರು ಫೈನಲ್ ಆಡಲಿಲ್ಲ. ಬ್ರೆಜಿಲ್ 2-0 ಗೆದ್ದಿತು. ಈಗ ವಿಶ್ವಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ಮುಗಿದ ಮೇಲೆ ಒಂಟಿ ಹಳದಿ ಕಾರ್ಡ್‌ಗಳನ್ನು ಅಳಿಸಿಬಿಡುತ್ತಾರೆ. ಬಲ್ಲಾಕ್‌ಗೆ ಆ ನಿಯಮ ಎಂಟು ವರ್ಷ ತಡವಾಗಿ ಬಂತು.

ದೊಡ್ಡ ಗಾಯ ಆದರೆ ಕಥೆ ಮುಗಿಯಿತಾ?

ಮೊದಲೆಲ್ಲ ಮಂಡಿಯ ಲಿಗಮೆಂಟ್ ಹರಿದರೆ ಬಹಳ ಜನರ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆರೇಳು ತಿಂಗಳಿಂದ ಒಂದು ವರ್ಷದೊಳಗೆ ಮರಳುವವರೇ ಜಾಸ್ತಿ. ರೋಡ್ರಿ 2024ರ ಸೆಪ್ಟೆಂಬರ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡರು, ಮರುತಿಂಗಳು ಬ್ಯಾಲನ್ ಡಿ ಓರ್ ವೇದಿಕೆಗೆ ಊರುಗೋಲಿನಲ್ಲಿ ಹತ್ತಿದರು.

ಸ್ಯಾಂಟಿ ಕಜೋರ್ಲಾ ಅನುಭವಿಸಿದ್ದು ಬೇರೆ ಮಟ್ಟದ್ದು. 2016ರ ಅಕ್ಟೋಬರ್ ನಂತರ ಅವರು ಆರ್ಸೆನಲ್‌ಗೆ ಆಡಲೇ ಇಲ್ಲ. ಹಿಮ್ಮಡಿ ಗಾಯಕ್ಕೆ ಸೋಂಕು ತಗುಲಿ, ಹಿಮ್ಮಡಿಯ ಸ್ನಾಯುರಜ್ಜು ಸುಮಾರು 8 ಸೆಂಟಿಮೀಟರ್‌ನಷ್ಟು ಹಾಳಾಗಿತ್ತು. ಗಾಯ ಮುಚ್ಚಲು ತೋಳಿನ ಚರ್ಮ ತೆಗೆದು ಕಾಲಿಗೆ ಹಾಕಿದರು. ತೋಳಿನಲ್ಲಿ ಮಗಳ ಹೆಸರಿನ ಹಚ್ಚೆ ಇತ್ತು. ಅದರ ಒಂದು ತುಂಡು ಈಗ ಅವರ ಪಾದದ ಹತ್ತಿರ ಇದೆ. ಮಗನ ಜೊತೆ ನಡೆದಾಡುವಷ್ಟು ಆದರೆ ಸಾಕು ಅಂತ ವೈದ್ಯರು ಹೇಳಿದ್ದರು. 2018ರಲ್ಲಿ ವಿಯ್ಯಾರಿಯಲ್ ಪರ ಆಡಲು ಇಳಿದರು, ಮರುವರ್ಷ ಸ್ಪೇನ್ ತಂಡಕ್ಕೂ ಕರೆ ಬಂತು. 2025ರಲ್ಲಿ, 40ನೇ ವಯಸ್ಸಿಗೆ, ತಾನು ಬೆಳೆದ ಒವಿಯೆಡೊ ಕ್ಲಬ್ ಸ್ಪೇನ್‌ನ ಮೊದಲ ದರ್ಜೆಗೆ ಏರಿದಾಗ ಅದೇ ತಂಡದಲ್ಲಿದ್ದರು.

ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಫಿನ್ಲೆಂಡ್ ವಿರುದ್ಧದ ಯುರೋ ಕಪ್ ಪಂದ್ಯದಲ್ಲಿ ಹೃದಯ ನಿಂತು ಕುಸಿದು ಬಿದ್ದರು. ಎದೆಯಲ್ಲಿ ಯಂತ್ರ ಅಳವಡಿಸಿದರು. ಆ ಯಂತ್ರ ಇಟ್ಟುಕೊಂಡು ಆಡಲು ಇಟಲಿಯ ನಿಯಮ ಬಿಡಲಿಲ್ಲ, ಇಂಟರ್ ಮಿಲಾನ್ ಒಪ್ಪಂದ ರದ್ದಾಯಿತು. ಎಂಟೂವರೆ ತಿಂಗಳಿಗೆ ಬ್ರೆಂಟ್‌ಫರ್ಡ್ ಪರ ಮೈದಾನಕ್ಕೆ ಬಂದರು. ಮೂರು ವರ್ಷದ ನಂತರ ಮುಂದಿನ ಯುರೋ ಕಪ್‌ನ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು.

ವಯಸ್ಸಾದ ಮೇಲೆ ಮಿಡ್‌ಫೀಲ್ಡರ್ ಏನು ಮಾಡುತ್ತಾರೆ?

ಹಿಂದೆ ಬರುತ್ತಾರೆ. ಅಕ್ಷರಶಃ. ಇಪ್ಪತ್ತರಲ್ಲಿ ಸ್ಟ್ರೈಕರ್ ಬೆನ್ನಿಗೆ ಅಂಟಿಕೊಂಡವರು ಮೂವತ್ತು ದಾಟಿದ ಮೇಲೆ ಡಿಫೆಂಡರ್‌ಗಳ ಮುಂದೆ ಕಾಣಿಸುತ್ತಾರೆ. ಅಲ್ಲಿ ಓಟ ಕಡಿಮೆ ಸಾಕು, ನೋಟ ಜಾಸ್ತಿ ಬೇಕು. ಬಯರ್ನ್ ಮ್ಯೂನಿಕ್‌ನ ಶ್ವೈನ್‌ಸ್ಟೈಗರ್ ಅಂಚಿನಿಂದ ಮಧ್ಯಕ್ಕೆ ಬಂದಿದ್ದು 25ರ ಹೊತ್ತಿಗೇ. ಆಂಡ್ರಿಯಾ ಪಿರ್ಲೊ ಇನ್ನೂ ಬೇಗ. ಅವರು ಹುಟ್ಟಾ 10. ಆದರೆ 2001ರಲ್ಲಿ ಬ್ರೆಷಾ ತಂಡದಲ್ಲಿ ಆ ಜಾಗದಲ್ಲಿ ರಾಬರ್ಟೊ ಬಾಜ್ಜೊ ಇದ್ದರು. ಕೋಚ್ ಮಜ್ಜೋನೆ ಪಿರ್ಲೊರನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಜಾಗ ಇಲ್ಲದೆ ಹೂಡಿದ ಉಪಾಯ ಹದಿನೈದು ವರ್ಷದ ವೃತ್ತಿಯಾಯಿತು. 2011ರಲ್ಲಿ ಮಿಲಾನ್ ಕ್ಲಬ್ ಅವರನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟಿತು. ಯುವೆಂಟಸ್ ಸೇರಿ ಸತತ ನಾಲ್ಕು ಲೀಗ್ ಗೆದ್ದರು.

ಮೊಡ್ರಿಚ್ 36ರಲ್ಲಿ ಮಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. 2022ರ ಏಪ್ರಿಲ್, ಚಾಂಪಿಯನ್ಸ್ ಲೀಗ್, ಚೆಲ್ಸಿ ವಿರುದ್ಧ ರಿಯಲ್ ಮ್ಯಾಡ್ರಿಡ್ ತನ್ನ ಮೈದಾನದಲ್ಲೇ 0-3 ಹಿಂದೆ. 80ನೇ ನಿಮಿಷ. ಎಡಬದಿಯಿಂದ ಮೊಡ್ರಿಚ್ ಬಲಪಾದದ ಹೊರ ಅಂಚಿನಿಂದ ಚೆಂಡನ್ನು ಬಾಗಿಸಿ ಎಲ್ಲ ಡಿಫೆಂಡರ್‌ಗಳ ತಲೆ ಮೇಲಿಂದ ಕಳಿಸಿದರು. ಓಡಿ ಬಂದ ರೊಡ್ರಿಗೊ ಅದು ನೆಲಕ್ಕೆ ಬೀಳುವ ಮೊದಲೇ ಒಳಗೆ ಹಾಕಿದರು. ಎರಡು ಪಂದ್ಯಗಳ ಒಟ್ಟು ಗೋಲಿನ ಲೆಕ್ಕ ಸಮವಾಗಿ ಮ್ಯಾಡ್ರಿಡ್ ಉಳಿದುಕೊಂಡಿತು, ಆ ವರ್ಷ ಕಪ್ಪನ್ನೂ ಗೆದ್ದಿತು. ಆ ಪಾಸಿಗೆ ಓಟ ಬೇಕಿರಲಿಲ್ಲ. ರೊಡ್ರಿಗೊ ಎಲ್ಲಿಗೆ ಬರುತ್ತಾರೆ ಅಂತ ಗೊತ್ತಿರಬೇಕಿತ್ತು, ಅಷ್ಟೇ.

ಮಹಿಳಾ ಮಿಡ್‌ಫೀಲ್ಡರ್‌ಗಳ ವೃತ್ತಿ ಹೇಗಿದೆ?

ಬ್ಯಾಲನ್ ಡಿ ಓರ್ ಮಹಿಳಾ ಪ್ರಶಸ್ತಿ 2021ರಿಂದ 2025ರವರೆಗೆ ಐದೂ ಸಲ ಬಾರ್ಸಿಲೋನಾದ ಮಿಡ್‌ಫೀಲ್ಡರ್‌ಗಳಿಗೇ ಹೋಗಿದೆ. ಮೊದಲೆರಡು ಅಲೆಕ್ಸಿಯಾ ಪುಟೆಯಾಸ್‌ಗೆ, ಮುಂದಿನ ಮೂರು ಐತಾನಾ ಬೊನ್ಮಾತಿಗೆ. ಬಾಳಿಕೆಯ ವಿಷಯಕ್ಕೆ ಬಂದರೆ ಬ್ರೆಜಿಲ್‌ನ ಫೋರ್ಮಿಗಾ ಮುಂದೆ ಗಂಡಸರೂ ನಿಲ್ಲುವುದಿಲ್ಲ. 1995ರಿಂದ 2019ರವರೆಗೆ ಏಳು ವಿಶ್ವಕಪ್ ಆಡಿದರು. ಮೊದಲನೆಯದರಲ್ಲಿ 17 ವರ್ಷ, ಕೊನೆಯದರಲ್ಲಿ 41. ಜೊತೆಗೆ ಏಳು ಒಲಿಂಪಿಕ್ಸ್. ಫೋರ್ಮಿಗಾ ಅಂದರೆ ಪೋರ್ಚುಗೀಸಿನಲ್ಲಿ ಇರುವೆ. ಆಟ ನೋಡಿದರೆ ಅಡ್ಡಹೆಸರು ಇಟ್ಟವರ ಕಣ್ಣು ಸರಿಯಾಗಿದೆ ಅನ್ನಿಸುತ್ತದೆ.

ಯಾವಾಗ ನಿಲ್ಲಿಸಬೇಕು?

ಒಬ್ಬೊಬ್ಬರದು ಒಂದೊಂದು ಲೆಕ್ಕ. ಟೋನಿ ಕ್ರೂಸ್ 2024ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದು, ಯುರೋ ಕಪ್ ಆಡಿ, 34ಕ್ಕೇ ಬೂಟು ಬಿಚ್ಚಿಟ್ಟರು. ಇನ್ನೂ ಆಡಬಹುದಿತ್ತು ಅಂತ ಜನ ಅನ್ನುವಾಗಲೇ ಹೋದರು. ಪಾಲ್ ಸ್ಕೋಲ್ಸ್ 2011ರಲ್ಲಿ ನಿಲ್ಲಿಸಿದರು, ಮನಸ್ಸು ಕೇಳಲಿಲ್ಲ, 2012ರ ಜನವರಿಯಲ್ಲಿ ವಾಪಸ್ ಬಂದು 2013ರವರೆಗೆ ಆಡಿದರು. ಜಿನೆದಿನ್ ಜಿದಾನ್ ಕೊನೆಯ ಪಂದ್ಯ 2006ರ ವಿಶ್ವಕಪ್ ಫೈನಲ್. ಒಂದು ಗೋಲು, ಒಂದು ಕೆಂಪು ಕಾರ್ಡ್.

ಒಳ್ಳೆಯ ಕೋಚ್‌ಗಳಲ್ಲಿ ಇಷ್ಟೊಂದು ಜನ ಮಿಡ್‌ಫೀಲ್ಡರ್‌ಗಳೇ ಯಾಕೆ?

ಗ್ವಾರ್ಡಿಯೊಲಾ, ಆಂಚೆಲೊಟ್ಟಿ, ದೆಶಾಂ, ಸಿಮಿಯೊನೆ, ಆರ್ಟೆಟಾ, ಝಾಬಿ ಅಲೊನ್ಸೊ. ಪಟ್ಟಿ ಉದ್ದ ಇದೆ. ವರ್ಷಗಟ್ಟಲೆ ಮುಂದೆ, ಹಿಂದೆ, ಎರಡೂ ಪಕ್ಕ ನೋಡಿಕೊಂಡೇ ಆಡಿದವರಿಗೆ ಇಡೀ ಆಟ ತಲೆಯಲ್ಲಿ ಉಳಿಯುತ್ತದೆ ಅಂತ ಕಾಣುತ್ತದೆ. ಯುರೋಪ್‌ನ ದೊಡ್ಡ ಲೀಗ್‌ಗಳಲ್ಲಿ ಮುಖ್ಯ ಕೋಚ್ ಆಗಲು ಪ್ರೊ ಲೈಸೆನ್ಸ್ ಅನ್ನುವ ಪರವಾನಗಿಯೂ ಬೇಕು. ಎಲ್ಲರಿಗೂ ಇದು ಒಲಿಯುವುದಿಲ್ಲ. ಪಿರ್ಲೊಗೆ ಯುವೆಂಟಸ್ ಕೋಚ್ ಆಗಿ ಸಿಕ್ಕಿದ್ದು ಒಂದೇ ಸೀಸನ್.

ಟಿವಿಯಲ್ಲಿ ಮಿಡ್‌ಫೀಲ್ಡರ್ ಆಟ ನೋಡುವುದು ಹೇಗೆ?

ಕಷ್ಟ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಸಾಧ್ಯವಾದರೆ ಒಂದು ಪಂದ್ಯವನ್ನಾದರೂ ಮೈದಾನಕ್ಕೆ ಹೋಗಿ, ಸ್ವಲ್ಪ ಎತ್ತರದಲ್ಲಿ ಕೂತು ನೋಡಿ. ಹತ್ತು ನಿಮಿಷ ಚೆಂಡು ಮರೆತುಬಿಡಿ. 6ರ ಜಾಗದಲ್ಲಿ ಇರುವವರನ್ನು ಮಾತ್ರ ಹಿಂಬಾಲಿಸಿ, ಅವರ ಕತ್ತು ಎಷ್ಟು ಸಲ ತಿರುಗುತ್ತದೆ ಅಂತ ಎಣಿಸಿ. ಗೋಲು ಆದರೆ ಪಕ್ಕದವರು ಹೇಗಿದ್ದರೂ ಕೂಗುತ್ತಾರೆ, ಆಗ ತಲೆ ಎತ್ತಿದರೆ ಸಾಕು.